ರಾಣಿಯ ಗಿಟಾರು ಒಣಗಿದ ಕಥೆ

ಕರೆಂಟು ಬಂದಿತ್ತು, ದೊರೆಗಳು ಇನ್ನೂ ಹೋಗಿರಲಿಲ್ಲ. ಅಂಥ ಕಾಲದಲ್ಲಿ ಹೊಳೆಗಾವಲು ಅನ್ನುವ ಒಂದು ಚಿಕ್ಕ ರಾಜ್ಯವಿತ್ತು. ಹತ್ತಿರ ಬಂದು ಕೂತುಕೊಳ್ಳಿ ಮಕ್ಕಳೇ. ಈ ಕಥೆಯಲ್ಲಿ ಯುದ್ಧವಿಲ್ಲ, ರಾಕ್ಷಸನಿಲ್ಲ. ಇದು ಮರವೊಂದು ಒಣಗುವ ಕಥೆ.

ಆ ರಾಜ್ಯದ ರಾಣಿ ನೀಲಾಜಮ್ಮಣ್ಣಿಗೆ ಒಂದು ಕರೆಂಟಿನ ಗಿಟಾರಿತ್ತು. ಅವಳ ತಂದೆ ಹಡಗಿನಲ್ಲಿ ತರಿಸಿಕೊಟ್ಟದ್ದು. ಒಳಗೆ ಟೊಳ್ಳಿಲ್ಲದ ಗಟ್ಟಿ ಮರದ ಒಡಲು, ಮೇಲೆ ಜೇನಿನ ಬಣ್ಣ. ದಿನಾ ಸಂಜೆ ರಾಣಿ ಸೆರಗು ಸಿಕ್ಕಿಸಿ, ಕೈತುಂಬ ಬಳೆ ತೊಟ್ಟು ಅದನ್ನು ನುಡಿಸುವಳು. "ಇದಕ್ಕಿಂತ ಗಿರಣಿಯ ಸಿಳ್ಳೆ ವಾಸಿ" ಎಂದು ಅಡುಗೆಯವರು ನಗುವರು. ದೊರೆ ಮಾತ್ರ ಬಾಗಿಲ ಹೊರಗೆ ನಿಂತು ಕೇಳುವನು. ಒಳಗೆ ಹೋದರೆ ಅವಳು ನಾಚಿ ನಿಲ್ಲಿಸಿಬಿಡುವಳು.

ಒಂದು ವರ್ಷ ರಾಣಿ ಜ್ವರ ಬಂದು ತೀರಿಕೊಂಡಳು. ಮರುವರ್ಷ ಹೊಳೆ ಉಕ್ಕಿ ಅರಮನೆಗೆ ನುಗ್ಗಿತು. ಮೂರು ದಿನ ಗಿಟಾರು ಕೆಸರುನೀರಿನಲ್ಲಿ ಮುಳುಗಿತ್ತು.

ನೀರಿಳಿದ ಮೇಲೆ ದೊರೆ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬೀರಾಚಾರಿಯ ಮನೆಗೆ ತಾನೇ ನಡೆದುಬಂದ. ಬೀರಾಚಾರಿ ಮುದುಕ ಬಡಗಿ. ಮಾತು ಕಡಿಮೆ.

"ಆಚಾರಿ, ಅವಳು ಮುಟ್ಟಿದ್ದು ಅಂತ ನನಗೆ ಉಳಿದಿರೋದು ಇದೊಂದೇ" ಎಂದ ದೊರೆ.

"ಮಾಡೋಣ, ಬುದ್ಧಿ. ಹೊತ್ತು ಹಿಡಿಯುತ್ತೆ."

ಬೀರಾಚಾರಿ ತಂತಿ, ತಗಡು, ತಿರುಪುಗಳನ್ನೆಲ್ಲ ಬಿಚ್ಚಿ ದೊರೆಯ ಕೈಗೇ ಕೊಟ್ಟುಕಳಿಸಿದ. ಬರಿಯ ಒಡಲನ್ನು ಒದ್ದೆ ಬಟ್ಟೆಯಿಂದ ಒರೆಸಿದ. ಬಣ್ಣ ಗುಳ್ಳೆ ಎದ್ದಿತ್ತು, ಮರ ಊದಿತ್ತು. ಮುಂಭಾಗದಲ್ಲಿ, ಬಲಗೈ ಊರುವ ಕಡೆ, ಕೂದಲೆಳೆಯಂಥ ನೂರಾರು ಗೀರುಗಳು ಕಂಡವು. ಅವನು ಬೆರಳಾಡಿಸಿ ನೋಡಿದ. ಬಳೆಗಳು ಮಾಡಿದ ಗೀರು. ಅವನ್ನು ಉಜ್ಜಬಾರದೆಂದು ಆಗಲೇ ನಿಶ್ಚಯಿಸಿದ.

ನೆನೆದ ಮರಕ್ಕೆ ಬಿಸಿಲು ತಾಗಬಾರದು, ಬೆಂಕಿ ತಾಗಬಾರದು. ಗಾಳಿಯಾಡುವ ನೆರಳಿನಲ್ಲಿ ತಾನಾಗಿ ಒಣಗಬೇಕು. ಬೀರಾಚಾರಿ ಅದನ್ನು ತಕ್ಕಡಿಗೆ ತೂಗಹಾಕಿದ. ಒಂದು ತಟ್ಟೆಯಲ್ಲಿ ಮರ, ಇನ್ನೊಂದರಲ್ಲಿ ಕಲ್ಲು, ಕಲ್ಲಿನ ಜೊತೆ ಹುಣಸೆ ಬೀಜ. ನೀರು ಹೋದಷ್ಟೂ ಮರ ಹಗುರಾಗುವುದು, ಬೀಜ ತೆಗೆಯಬೇಕಾಗುವುದು. ಬೀಜ ತೆಗೆಯುವುದು ಯಾವಾಗ ನಿಲ್ಲುತ್ತದೋ ಆಗ ಮರ ಒಣಗಿತೆಂದು ಲೆಕ್ಕ.

"ಹೆತ್ತ ಮಗಳನ್ನೂ ಇಷ್ಟು ಸಲ ತೂಗಿ ನೋಡಲಿಲ್ಲ ನೀವು" ಎಂದಳು ಹೆಂಡತಿ ಕಾಳಮ್ಮ.

ಒಂದು ತಿಂಗಳಿಗೆ ದೊರೆ ಬಂದ. "ಆಯಿತೇ?"

"ಇಲ್ಲ ಬುದ್ಧಿ. ಈ ವಾರ ಎಂಬತ್ತು ಬೀಜ ತೆಗೆದೆ."

ಎರಡು ತಿಂಗಳಿಗೆ ಬಂದ. "ಆಯಿತೇ?"

"ಇಲ್ಲ ಬುದ್ಧಿ. ಈ ವಾರ ಮೂವತ್ತು."

ಮೂರು ತಿಂಗಳಿಗೆ ಬಂದ. ಕಣ್ಣು ಗುಳಿಬಿದ್ದಿತ್ತು. "ಆಯಿತೇ?"

"ಇಲ್ಲ ಬುದ್ಧಿ. ಈ ವಾರ ನಾಲ್ಕು."

"ನಾಲ್ಕು ಹುಣಸೆ ಬೀಜಕ್ಕೆ ನನ್ನನ್ನು ಕಾಯಿಸ್ತೀಯಾ!" ಎಂದು ದೊರೆ ಕೂಗಿದ.

ಜೊತೆಗೆ ಅರಮನೆಯ ಮೇಸ್ತ್ರಿ ದೇವೋಜಿ ಬಂದಿದ್ದ. ಪಟ್ಟಣ ಕಂಡವನು, ನಾಲಿಗೆಯಲ್ಲಿ ಬೆಣ್ಣೆ ಇಟ್ಟುಕೊಂಡವನು. "ಮಹಾಸ್ವಾಮಿ, ಈ ಮುದುಕ ಮರವನ್ನು ಬಾಣಂತಿ ಥರ ನೋಡ್ಕೋತಾ ಇದ್ದಾನೆ. ನನಗೆ ಕೊಡಿ. ಮೂರೇ ದಿನ!" ಎಂದ.

ದೊರೆ ಕೊಟ್ಟುಬಿಟ್ಟ. ಬೀರಾಚಾರಿ ಬಾಗಿಲವರೆಗೂ ಹಿಂದೆ ಹೋದ. "ಬೆಂಕಿ ಹತ್ತಿರ ಇಡಬೇಡಪ್ಪಾ" ಎಂದಷ್ಟೇ ಹೇಳಿದ.

ನಾಲ್ಕನೆಯ ದಿನ ಅರಮನೆಯಲ್ಲಿ ಎಲ್ಲರನ್ನೂ ಕರೆದು ಗಿಟಾರು ತೋರಿಸಿದರು. ದೊರೆ ಅದನ್ನು ಎದೆಗವಚಿಕೊಂಡು ಅಳುತ್ತಿದ್ದ. ಕಣ್ತುಂಬಿದವನಿಗೆ ಮರ ಎಲ್ಲಿ ಕಾಣುತ್ತದೆ? ಬೀರಾಚಾರಿಗೆ ಕಂಡಿತು. ಬಣ್ಣ ಅದೇ, ಆಕಾರ ಅದೇ. ಮುಂಭಾಗದಲ್ಲಿ ಮಾತ್ರ ಒಂದು ಗೀರೂ ಇಲ್ಲ. ಬೆನ್ನಿನಲ್ಲಿ ಒರಟಾದ ಗೀರುಗಳ ರಾಶಿ. ಇದು ಬೇರೆ ಮರ.

ಅವನು ಮನೆಗೆ ಬಂದು ಊಟ ಬಿಟ್ಟು ಕೂತ.

"ಹೇಳಿಬಿಡಿ" ಎಂದಳು ಕಾಳಮ್ಮ.

"ಹೇಗೆ ಹೇಳಲೇ? ಎರಡು ವರ್ಷಕ್ಕೆ ಇವತ್ತು ಆ ಮನುಷ್ಯನ ಮುಖದಲ್ಲಿ ಒಂದಿಷ್ಟು ಜೀವ ಬಂದಿದೆ."

"ಹಾಗಾದರೆ ರಾಣಿ ಮುಟ್ಟಿದ ಮರ ಎಲ್ಲಿ ಬಿದ್ದಿದೆಯೋ? ಅದನ್ನು ಕೇಳೋರು ಯಾರು?"



ಮರುದಿನ ಸಭೆಯಲ್ಲಿ ದೇವೋಜಿಗೆ ಚಿನ್ನದ ಕಡಗ ತೊಡಿಸುವ ಹೊತ್ತು. ಬೀರಾಚಾರಿ ಮುಂದೆ ಬಂದು ಕೈಮುಗಿದ. "ನಮ್ಮ ಮೇಸ್ತ್ರಿಯವರ ಕೆಲಸ ದೊಡ್ಡದು. ಕಲಿಯೋಣ ಅಂತ ಮೂರು ಮಾತು ಕೇಳ್ತೀನಿ. ಮೇಸ್ತ್ರಿಗಳೇ, ಬೆನ್ನಿನ ಮೇಲಿನ ಈ ಗೀರು ಹೊಸದೋ ಹಳೇದೋ?"

"ಹಳೇದಯ್ಯಾ. ಒಂದನ್ನೂ ಅಳಿಸದೆ ಕಾಪಾಡಿದ್ದೀನಿ!"

"ಯಾರು ಮಾಡಿದ್ದು?"

"ರಾಣಿಯವರು. ಇನ್ಯಾರು, ನಿನ್ನ ಹೆಂಡತಿಯಾ?" ಸಭೆ ನಕ್ಕಿತು.

"ಏತರಿಂದ ಆದದ್ದು?"

"ಸೊಂಟದ ಬೆಲ್ಟಿನ ಬಕ್ಕಲಿನಿಂದ. ಪಟ್ಟಣದಲ್ಲಿ ಬ್ಯಾಂಡಿನವರ ಗಿಟಾರೆಲ್ಲಾ ಬೆನ್ನಲ್ಲಿ ಹೀಗೇ ಸವೆದಿರುತ್ತೆ. ನೀನೆಲ್ಲಿ ನೋಡಿದ್ದೀಯ, ಬಿಡು."

ಸಭೆಯ ನಗು ನಿಂತುಹೋಯಿತು. ಕಡಗ ಹಿಡಿದಿದ್ದ ದೊರೆಯ ಕೈ ಮೆಲ್ಲನೆ ಕೆಳಗಿಳಿಯಿತು.

"ದೇವೋಜಿ, ನಮ್ಮ ರಾಣಿ ಸೀರೆಯ ಮೇಲೆ ಬೆಲ್ಟು ಕಟ್ಟಿದ್ದು ಯಾವತ್ತು?" ಎಂದ ದೊರೆ.

ದೇವೋಜಿಯ ಬೆಣ್ಣೆ ಕರಗಿಹೋಯಿತು. ನಿಜ ಹೊರಗೆ ಬಂತು. ಮರವನ್ನು ಅವನು ಬಚ್ಚಲಮನೆಯ ಹಂಡೆ ಒಲೆಯ ಪಕ್ಕ ಇಟ್ಟಿದ್ದ. ಒಂದೇ ಹಗಲಿಗೆ ಅದು ಉದ್ದಕ್ಕೆ ಸೀಳಿತು. ಮುಂಭಾಗದ ಗೀರುಗಳನ್ನು ಹೊಳೆಯ ಕಲ್ಲು ತಾಗಿ ಆದದ್ದೆಂದು ತಿಳಿದು, ಅವಿಲ್ಲದೆ ಬೇರೊಂದು ಒಡಲು ಮಾಡಿ, ಹಳೆಯದೆನ್ನಿಸಲೆಂದು ಬೆನ್ನಿಗೆ ತಾನೇ ಗೀರು ಹಾಕಿದ. ಸೀಳಿದ ಮರವನ್ನು ಸೌದೆಗೆ ಸೇರಿಸಿದ.

ಎಲ್ಲರೂ ಬಚ್ಚಲಮನೆಗೆ ಓಡಿದರು. ಸೌದೆ ರಾಶಿಯ ಅಡಿಯಲ್ಲಿ ಒಂದು ಹೋಳು ಸಿಕ್ಕಿತು, ಬಳೆಯ ಗೀರಿದ್ದ ಹೋಳು. ಇನ್ನೊಂದು ಉರಿದು ಬೂದಿಯಾಗಿತ್ತು. ಅದು ಕಾಯಿಸಿದ ನೀರಿನಲ್ಲೇ ಆ ಬೆಳಗ್ಗೆ ದೊರೆ ಮಿಂದಿದ್ದ.

ದೇವೋಜಿ ಮಾಡಿದ ಒಡಲನ್ನು ಅವನ ಕೊರಳಿಗೇ ಕಟ್ಟಿ ಗಡಿ ದಾಟಿಸಿದರು. ಮೂರು ಊರಿನ ಜನ ನೋಡಿ ನಕ್ಕರು. ಬೀರಾಚಾರಿಗೆ ನಗು ಬರಲಿಲ್ಲ. ಅವನು ಹೋಳನ್ನು ಮನೆಗೆ ತಂದು ಮತ್ತೆ ನೆರಳಿಗಿಟ್ಟ. ಒಣಗಿದ ಮೇಲೆ ಅದೇ ಜಾತಿಯ ಮರ ಹುಡುಕಿ ಪಕ್ಕಕ್ಕೆ ಜೋಡಿಸಿದ. ಹಳೆಯ ಬಣ್ಣ ಎದ್ದಲ್ಲಿ ಮಾತ್ರ ಅರಗು ತೀಡಿದ. ಬೆಸುಗೆಯ ಗೆರೆಯನ್ನು ಮುಚ್ಚಲಿಲ್ಲ. ತಂತಿ ಕಟ್ಟಿ ದೊರೆಯ ತೊಡೆಯ ಮೇಲಿಟ್ಟ.

ದೊರೆಗೆ ನುಡಿಸಲು ಬಾರದು. ಒಂದು ತಂತಿ ಮೀಟಿದ. ಕೇಳಿದ. ಇನ್ನೊಂದು ಸಲ ಮೀಟಿದ.

"ಇದು ಅವಳ ದನಿಯಲ್ಲ, ಆಚಾರಿ."

"ಅಲ್ಲ ಬುದ್ಧಿ. ಅರ್ಧ ಮರ ಅಮ್ಮನವರದು, ಅರ್ಧ ಬೇರೆಯದು."

ದೊರೆ ಬಳೆಯ ಗೀರುಗಳ ಮೇಲೆ ಬೆರಳಾಡಿಸಿ ಕೇಳಿದ: "ಆವತ್ತು ನಾನು ಕಾದಿದ್ದರೆ ಇನ್ನೆಷ್ಟು ದಿನ ಬೇಕಿತ್ತು?"

ಒಂದು ವರ್ಷ ಎನ್ನಬಹುದಿತ್ತು. ದೊರೆಯ ಎದೆ ಹಗುರಾಗುತ್ತಿತ್ತು. ಆದರೆ ಒಂದು ಸುಳ್ಳಿನಿಂದ ಆದದ್ದನ್ನು ಬೀರಾಚಾರಿ ನೋಡಿದ್ದ.

"ಹನ್ನೊಂದು ದಿನ, ಬುದ್ಧಿ" ಎಂದ.

ದೊರೆ ತಲೆ ತಗ್ಗಿಸಿದ. ಬೀರಾಚಾರಿ ಎದ್ದು ಹೋಗಲಿಲ್ಲ, ಪಕ್ಕದಲ್ಲೇ ಕೂತ.

ಇಷ್ಟೇ ಮಕ್ಕಳೇ ಕಥೆ. ನೀತಿ ಏನೆಂದರೆ, ದುಃಖದಲ್ಲಿರುವವರಿಗೆ ಅವಸರವನ್ನು ಮಾರುವವನು ಕಳ್ಳ. ಹೋದದ್ದನ್ನು ಬೇಗ ತಂದುಕೊಡುತ್ತೇನೆ ಎಂದು ಬಂದವನ ಕೈಗೆ, ಉಳಿದದ್ದನ್ನೂ ಕೊಟ್ಟು ಕಳೆದುಕೊಳ್ಳಬೇಡಿ.