ತೊಂಬತ್ತಕ್ಕೆ ತಂತಿ ಕಿತ್ತ ರಾಜ

ಒಂದಾನೊಂದು ಊರಿನಲ್ಲಿ, ಊರು ಇನ್ನೂ ಪೂರ್ತಿ ಕಟ್ಟಿ ಮುಗಿದಿರಲಿಲ್ಲ, ಆಗಲೇ ಒಬ್ಬ ರಾಜ ಬಂದು ಕೂತುಬಿಟ್ಟಿದ್ದ. ಅವಸರರಾಯ ಅಂತ ಹೆಸರು. ಹಿಟ್ಟು ಹುಯ್ಯುವ ಮುಂಚೆ ದೋಸೆ ತಿನ್ನುತ್ತಿದ್ದ. ಬಿಸಿಯಾಗಿಲ್ಲ ಅಂತ ಬೈಯುತ್ತಿದ್ದ. ನೀರು ಬರುವ ಮುಂಚೆ ಸ್ನಾನ ಮುಗಿಸಿ, ಟವೆಲ್ ಯಾಕೆ ಒದ್ದೆಯಾಗಿಲ್ಲ ಅಂತ ಮಂತ್ರಿಯನ್ನು ಕರೆಸುತ್ತಿದ್ದ. ಇಂಥವನಿಗೆ ರಾಜ್ಯ ಕೊಟ್ಟವರು ಯಾರೋ! ಕೇಳಿದರೆ, ಕೊಡುವ ಮುಂಚೆಯೇ ತೊಗೊಂಡ ಅನ್ನುತ್ತಾರೆ.

ಈ ರಾಜನಿಗೆ ಸಿನಿಮಾ ತೆಗೆಯುವ ಹುಚ್ಚು ಹತ್ತಿತು. ಯಾರೂ ನೋಡದೇ ಇರೋದನ್ನ ತೆಗೀಬೇಕು ಅಂದ. ಆ ಊರಿನಲ್ಲಿ ಯಾರೂ ನೋಡದೇ ಇದ್ದದ್ದು ಒಂದೇ. ರಾಜನ ಅಜ್ಜಿ ದೇವೀರಮ್ಮನ ನಗು.

ಅಜ್ಜಿಯ ಮದುವೆಯ ದಿನ ಮದುಮಗ ಆತುರಕ್ಕೆ ಬಿದ್ದು ಬಾಳೆಕಂಬಕ್ಕೆ ತಾಳಿ ಕಟ್ಟಿಬಿಟ್ಟಿದ್ದ. ವಂಶ ನೋಡಿ! ಅಜ್ಜಿಗೆ ನಗು ಉಕ್ಕಿ ಬಂತು. ಮದುಮಗಳು ಹಲ್ಲು ಬಿಡಬಾರದು ಅಂತ ಹಿರಿಯರು ಕಣ್ಣು ಬಿಟ್ಟರು. ಅವಳು ನಗುವನ್ನು ಎಲೆ ಅಡಿಕೆ ಸಂಚಿಯೊಳಗೆ ಹಾಕಿ ಗಂಟು ಕಟ್ಟಿದಳು. ಅಂದಿನಿಂದ ಬೇಜಾರಾದಾಗ ಸಂಚಿ ಬಿಚ್ಚಿ ನೋಡುತ್ತಿದ್ದಳು, ಮತ್ತೆ ಕಟ್ಟಿಡುತ್ತಿದ್ದಳು. ಅವಳ ಹತ್ತಿರ ಇದ್ದದ್ದು ಆ ನಗು ಒಂದೇ.

"ಕೊಡಜ್ಜಿ ಅದನ್ನ," ಅಂದ ರಾಜ.

"ಎರವಲು ಕೊಡ್ತೀನಿ ಕಣಪ್ಪ. ಸಂಜೆಗೆ ಇದ್ದ ಹಾಗೇ ವಾಪಸ್ ಕೊಡಬೇಕು. ಅದಿಲ್ದೆ ಇದ್ರೆ ನಂಗೆ ಬದುಕಿದ್ದು ಏನು ಸುಖ?"

"ಆಯ್ತು," ಅಂದ ರಾಜ. ಅಜ್ಜಿ ಮಾತು ಮುಗಿಸುವ ಮುಂಚೆಯೇ ಅಂದಿದ್ದ.

ಶೂಟಿಂಗ್ ಶುರುವಾಯಿತು. ಚಿತ್ರ ಮುಗಿದ ದಿನ ಕುಂಬಳಕಾಯಿ ಒಡೆಯುವುದು ಸಿನಿಮಾದವರ ಪದ್ಧತಿ, ನಿಮಗೆ ಗೊತ್ತಲ್ಲ. ಒಡೆದರೆ ಮುಗಿಯಿತು, ಮತ್ತೆ ತೆಗೆಯುವಂತಿಲ್ಲ. ನಮ್ಮ ರಾಜ ಬೆಳಿಗ್ಗೆಯೇ ಒಡೆಯಿರಿ ಅಂದ. ಎತ್ತಿ ಕುಕ್ಕಿದರು. ನೆಲ ಬಿರುಕು ಬಿಟ್ಟಿತು, ಬೂದುಗುಂಬಳಕ್ಕೆ ಏನೂ ಆಗಲಿಲ್ಲ.

"ನಾಚಿಕೆ ಆಗಲ್ವಾ?" ಅಂತು ಕುಂಬಳಕಾಯಿ. "ತೆಗೆದದ್ದು ಎರಡು ಕಡೆ ಭದ್ರವಾಗೋವರೆಗೆ ನಾನು ಒಡೆಯೋಳಲ್ಲ."

ಅಜ್ಜಿ ಸಂಚಿ ಬಿಚ್ಚಿ ನಕ್ಕಳು. ಏನು ನಗು ಅಂತೀರಿ! ಹೊಟ್ಟೆ ಕುಲುಕಿತು, ಓಲೆ ಕುಣಿಯಿತು. ಕೊನೆಗೆ ಎಲ್ಲ ಅಜ್ಜಿಯರ ನಗುವೂ ಮುಗಿಯುವ ಹಾಗೆ "ಅಯ್ಯೋ ನನ್ನಪ್ಪಾ" ಅಂತ ಸೆರಗಿನಲ್ಲಿ ಕಣ್ಣೊರೆಸಿಕೊಂಡಾಗ ಮುಗಿಯಿತು. ಅಷ್ಟೂ ನಗು ಕ್ಯಾಮೆರಾದೊಳಗಿನ ಒಂದು ಪುಟಾಣಿ ಕಾರ್ಡಿಗೆ ಹೋಗಿ ಕೂತಿತು. ಅಜ್ಜಿಯ ಸಂಚಿ ಖಾಲಿಯಾಯಿತು.

ಕಾರ್ಡು ಲ್ಯಾಪ್‌ಟಾಪಿಗೆ ಬಂತು. ಅದನ್ನು ನೋಡಿಕೊಳ್ಳುವವಳು ಲಿಂಗಾಜಮ್ಮ. ಒಂದು ಕೈಯಲ್ಲಿ ಅದಕ್ಕೆ ಕೊಡೆ ಹಿಡಿಯುತ್ತಿದ್ದಳು, ಇನ್ನೊಂದು ಕೈಯಲ್ಲಿ ಬೀಸಣಿಗೆ ಬೀಸುತ್ತಿದ್ದಳು. ಲ್ಯಾಪ್‌ಟಾಪಿಗೆ ಮೂಗಿನ ತುದಿಯಲ್ಲೇ ಕೋಪ.

"ಕೇಳಿಸಿಕೊಳ್ಳಿ," ಅಂತು. "ನಾನು ಬೇಗ ಮಾಡ್ತೀನಿ, ಆದ್ರೆ ನಡುವೆ ಯಾರೂ ಮುಟ್ಟಬಾರದು. ಒಂದು ಕಾಪಿ ಈ ಹಾರ್ಡ್ ಡಿಸ್ಕಿಗೆ, ಆಮೇಲೆ ಇನ್ನೊಂದು ಕಾಪಿ ಆ ಹಾರ್ಡ್ ಡಿಸ್ಕಿಗೆ. ಎರಡನ್ನೂ ತಾಳೆ ನೋಡ್ತೀನಿ. ಅಲ್ಲೀವರೆಗೆ ಕಾರ್ಡ್ ಅಳಿಸೋ ಮಾತೇ ಎತ್ತಬೇಡಿ."

"ಒಂದು ನಗುವಿಗೆ ಎರಡು ಕಾಪಿ ಯಾಕೆ? ನನಗೇನು ಎರಡು ತಲೆ ಇದೆಯಾ?"

"ಒಂದಾದ್ರೂ ಇದ್ದಿದ್ರೆ ಈ ಪ್ರಶ್ನೆ ಕೇಳ್ತಿರಲಿಲ್ಲ ಮಹಾಪ್ರಭು."

ಪರದೆಯ ಮೇಲೆ ಹತ್ತು ಅಂತ ಬಂತು. "ಆಯ್ತಾ?" ಅಂದ ರಾಜ. ಮೂವತ್ತು ಬಂತು. "ಆಯ್ತಾ?" ಅರವತ್ತು ಬಂತು. "ಇನ್ನೂ ಆಗಿಲ್ವಾ?" ತೊಂಬತ್ತು ಬಂದದ್ದೇ ತಡ, ತಂತಿ ಹಿಡಿದು ಕಿತ್ತೇಬಿಟ್ಟ.

"ಅಯ್ಯೋ ಸ್ವಾಮಿ, ಇನ್ನೂ ಮುಗಿದಿಲ್ಲ!" ಅಂತ ಲಿಂಗಾಜಮ್ಮ ಕಿರುಚಿದಳು.

"ತೊಂಬತ್ತಾದ್ಮೇಲೆ ನೂರು ಬರೋದು ಎಲ್ರಿಗೂ ಗೊತ್ತು. ಗೊತ್ತಿರೋದಕ್ಕೆ ಯಾರಾದ್ರೂ ಕಾಯ್ತಾರಾ?"

ಹೊಟ್ಟೆ ಉರಿಯುತ್ತದೆ ನನಗೆ. ತೊಂಬತ್ತು ಪಾಲು ಕಟ್ಟಿದ ಸೇತುವೆ ಮೇಲೆ ಇವನು ನಡೀತಾನಾ? ತೊಂಬತ್ತು ಪಾಲು ಪಂಚೆ ಉಟ್ಟು ಸಭೆಗೆ ಬರ್ತಾನಾ? ಬೇರೆಯವರ ನಗು ಅಂದರೆ ಮಾತ್ರ ತೊಂಬತ್ತು ಸಾಕು!

ಅಷ್ಟಕ್ಕೇ ನಿಲ್ಲಲಿಲ್ಲ. ತನ್ನ ಎಂಟ್ರಿ ತೆಗೆಯಬೇಕು ಅಂತ ಅದೇ ಕಾರ್ಡನ್ನು ಅಳಿಸಿ ಕ್ಯಾಮೆರಾಕ್ಕೆ ಹಾಕಿಸಿದ. ಕುದುರೆ ಬರುವ ಮುಂಚೆ ಕುದುರೆಯಿಂದ ಇಳಿದ. ಮೊದಲು "ಕಟ್" ಅಂದ, ಆಮೇಲೆ "ಆಕ್ಷನ್" ಅಂದ. ಕ್ಯಾಮೆರಾದವನು ಬಟನ್ ಒತ್ತಲೇ ಇಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಸಂಜೆ ಹಾರ್ಡ್ ಡಿಸ್ಕಿಗೆ ಬಂದಿದ್ದಷ್ಟು ನಗುವನ್ನೇ ಅಜ್ಜಿಗೆ ವಾಪಸ್ ಕೊಟ್ಟರು. ಸಂಚಿಗೆ ಹಾಕುವ ಮುಂಚೆ ಇದ್ದ ಹಾಗೇ ಇದೆಯಾ ಅಂತ ನೋಡೋಣ ಅಂದುಕೊಂಡು ಅಜ್ಜಿ ನಕ್ಕಳು. ಹಹ್ಹಹ್ಹ ಅಂದಳು. ಹೊಟ್ಟೆ ಕುಲುಕಿತು, ಓಲೆ ಕುಣಿಯಿತು. ಮತ್ತೆ ಹಹ್ಹಹ್ಹ. ಮತ್ತೂ ಹಹ್ಹಹ್ಹ. ನಿಲ್ಲಲು ಅದಕ್ಕೆ ತುದಿಯೇ ಇರಲಿಲ್ಲ!

"ಹಹ್ಹಹ್ಹ... ಮನೆಹಾಳ! ಹಹ್ಹಹ್ಹ... ಇದ್ದದ್ದೊಂದು ನಗು, ಅದನ್ನೂ ಮುರಿದು ತಂದ್ಯಲ್ಲೋ! ಹಹ್ಹಹ್ಹ..."

ನಗು ಅಂಟುರೋಗ. ಅಜ್ಜಿಯಿಂದ ಬೀದಿಗೆ ಬಂತು, ಬೀದಿಯಿಂದ ಸಂತೆಗೆ. ಜಗಳಕ್ಕೆ ನಿಂತವರು ನಗುತ್ತಾ ಜುಟ್ಟು ಹಿಡಿದರು. ಸತ್ತವರ ಮನೆಗೆ ಮಾತಾಡಿಸಲು ಹೋದವರು ನಕ್ಕು ಒದೆ ತಿಂದರು, ಒದ್ದವರೂ ನಗುತ್ತಿದ್ದರು. ಎಮ್ಮೆ ನಕ್ಕೂ ನಕ್ಕೂ ಕೆಚ್ಚಲಲ್ಲೇ ಹಾಲು ಬೆಣ್ಣೆಯಾಯಿತು. ಒಳಗೆ ಎಲ್ಲರಿಗೂ ಕೆಂಡದಂಥ ಕೋಪ, ಹೊರಗೆ ಹಹ್ಹಹ್ಹ. ಅಜ್ಜಿಗೋ ಗುಟುಕು ನೀರು ಇಳಿಯಲಿಲ್ಲ, ಉಸಿರು ಎಳೆಯಲು ಬಿಡುವಿಲ್ಲ. ನಗುತ್ತಾ ನಗುತ್ತಾ ಸೊರಗಿದಳು.

ರಾಜ ಬೇರೆಯವರ ನಗುವಿನ ತುದಿ ಕತ್ತರಿಸಿ ತರಿಸಿ, ಅಜ್ಜಿಯ ನಗುವಿಗೆ ಹೊಲಿಸಿದ. ಶಾನುಭೋಗರ ನಗುವಿನ ತುದಿ ಗಿಡ್ಡವಾಯಿತು. ಪೈಲ್ವಾನನ ನಗುವಿನ ತುದಿ ಎಷ್ಟು ಭಾರ ಅಂದರೆ ಅಜ್ಜಿ ಮಂಚದಿಂದ ಕೆಳಗೆ ಬಿದ್ದಳು. ಕೊನೆಗೆ ಲ್ಯಾಪ್‌ಟಾಪಿನ ಹತ್ತಿರ ಓಡಿದ. ಅದು ಮುಚ್ಚಳ ಮುಚ್ಚಿಕೊಂಡು ಕೂತಿತ್ತು. ಊರಿನಲ್ಲಿ ನಗದೇ ಇದ್ದದ್ದು ಅದೊಂದೇ, ಅಷ್ಟು ಸಿಟ್ಟು.

"ಹಹ್ಹಹ್ಹ... ಬಾಗಿಲು ತೆಗಿಯೋ, ನಮ್ಮಜ್ಜಿ ಸಾಯ್ತಾಳೆ!"

"ಈಗ ಗೊತ್ತಾಯ್ತಾ?" ಅಂತ ಲ್ಯಾಪ್‌ಟಾಪು ಮುಚ್ಚಳ ಎತ್ತಿತು. "ಕಾರ್ಡ್ ಅಳಿಸೋದು ಅಂದ್ರೆ ಮನೆ ಬಾಗಿಲ ಮೇಲಿನ ಹೆಸರು ಅಳಿಸಿದ ಹಾಗೆ. ಬೇರೆ ಸಂಸಾರ ಬಂದು ಸೇರೋವರೆಗೆ ಒಳಗಿದ್ದೋರು ಒಳಗೇ ಇರ್ತಾರೆ. ಆಕ್ಷನ್‌ಗೆ ಮುಂಚೆ ಕಟ್ ಅಂದ್ರಲ್ಲ, ಅದಕ್ಕೆ ಯಾರೂ ಬಂದು ಸೇರಿಲ್ಲ. ನಿಮ್ಮ ದಡ್ಡತನವೇ ಕಾಪಾಡ್ತು. ನಗು ಪೂರ್ತಿ ತೆಗೆದು ಕೊಡ್ತೀನಿ, ಆದ್ರೆ ನೀವು ನನ್ನ ಮುಂದೆ ಕೂತು ಕಾಯಬೇಕು. 'ಆಯ್ತಾ' ಅಂತ ಒಂದು ಸಲ ಕೇಳಿದ್ರೆ ಒಂದು ಹಿಂದಕ್ಕೆ ಹೋಗ್ತೀನಿ."

ಲಿಂಗಾಜಮ್ಮ ಕ್ಯಾಮೆರಾದಿಂದ ಕಾರ್ಡು ತಂದು ಹಾಕಿದಳು, ಅಜ್ಜಿಯನ್ನೂ ಮಂಚದ ಸಮೇತ ಅಲ್ಲಿಗೇ ಹೊತ್ತು ತಂದರು. ರಾಜ ಕೂತ. ಒಂದು ಬಂತು, ಎರಡು ಬಂತು. "ಆಯ್ತಾ?" ಒಂದಕ್ಕೆ ಇಳಿಯಿತು. "ಈಗ ಆಯ್ತಾ?" ಸೊನ್ನೆ. "ಆಯ್ತಾ, ಆಯ್ತಾ, ಆಯ್ತಾ?" ಸೊನ್ನೆಗಿಂತ ಕೆಳಗೆ ಹೋಯಿತು. ಸೊನ್ನೆಗಿಂತ ಕೆಳಗೆ ಏನಿರುತ್ತದೆ? ಆಗಿದ್ದೆಲ್ಲ ಆಗದೇ ಇರುವುದು ಇರುತ್ತದೆ. ರಾಜ ತಿಂದ ದೋಸೆ ಹಿಟ್ಟಾಯಿತು. ಅರಮನೆಯ ಇಟ್ಟಿಗೆಗಳು ಸಾಲಾಗಿ ಗೂಡಿಗೆ ನಡೆದವು. ರಾಜನ ಮೀಸೆ ಒಳಕ್ಕೆ ಹೋಯಿತು, ಕಿರೀಟ ಜಾರಿ ಕಿವಿಗೆ ಬಂತು.

"ಇನ್ನೊಂದು ಸಲ ಕೇಳು ಮರಿ," ಅಂತು ಕುಂಬಳಕಾಯಿ. "ನಾನಂತೂ ಬೀಜ ಆಗ್ತೀನಿ. ನೀನು ಏನಾಗ್ತೀಯೋ ಯೋಚನೆ ಮಾಡು."

ರಾಜ ಅಜ್ಜಿಯ ಕಡೆ ನೋಡಿದ. ನಗುವ ಬಾಯಿ, ಅಳುವ ಕಣ್ಣು. ಏನೋ ಹೇಳಲು ಕೈ ಚಾಚಿದ್ದಳು, ನಗು ಬಿಡಲಿಲ್ಲ. ಅವನಿಗೆ ಹುಟ್ಟಿದ ಮೇಲೆ ಮೊದಲ ಸಲ ಕರುಳು ಚುರ್ ಅಂತು. ಅಜ್ಜಿಯ ಪಾದ ಹಿಡಿದುಕೊಂಡು ಬಾಯಿ ಮುಚ್ಚಿ ಕೂತ.

ಸೊನ್ನೆಗೆ ಬಂತು. ಮೀಸೆ ಹೊರಗೆ ಬಂತು. ಐವತ್ತು, ಎಂಬತ್ತು, ತೊಂಬತ್ತು. ನಾಲಿಗೆ ತುರಿಸಿತು, ಮೀಸೆಯನ್ನೇ ಬಾಯಿಗೆ ತುರುಕಿಕೊಂಡ. ತೊಂಬತ್ತೊಂಬತ್ತಕ್ಕೆ ಬಂದು ನಿಂತಿತು. ಅಲ್ಲಿ ಬಂದು ನಿಲ್ಲುವುದು ಅದರ ಹುಟ್ಟುಗುಣ. ನಿಂತಿತು, ನಿಂತೇ ಇತ್ತು. ರಾಜ ಮೀಸೆಯನ್ನು ಇನ್ನಷ್ಟು ಕಚ್ಚಿ ಹಿಡಿದ, ಕೇಳಲಿಲ್ಲ.

ನೂರು.

"ಅಯ್ಯೋ ನನ್ನಪ್ಪಾ..." ಅಂತ ಅಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಊರಿಗೆ ಊರೇ ಕಣ್ಣೊರೆಸಿಕೊಂಡಿತು.

ರಾಜ ಮೀಸೆ ಉಗುಳಿ "ಆಯ್..." ಅಂದ.

"ಇದು ಒಂದನೇ ಕಾಪಿ," ಅಂತು ಲ್ಯಾಪ್‌ಟಾಪು.

ರಾಜ ಉಳಿದ ಅಕ್ಷರ ನುಂಗಿ, ಯಾರೂ ಹೇಳದೆಯೇ ಮತ್ತೆ ಕೂತ. ಎರಡನೆಯದೂ ಆಯಿತು, ತಾಳೆಯೂ ಸರಿಹೋಯಿತು. ಆಗ ಕುಂಬಳಕಾಯಿ ಯಾರೂ ಮುಟ್ಟದೆ, ತಾನಾಗಿ, ಸಮಾಧಾನವಾಗಿ ಒಡೆಯಿತು.

ಅಜ್ಜಿ ನಗುವನ್ನು ಸಂಚಿಗೆ ಹಾಕಿ ಗಂಟು ಬಿಗಿದಳು. ರಾಜನನ್ನು ಹತ್ತಿರ ಕರೆದು ತಲೆಗೆ ಒಂದು ಮೊಟಕಿದಳು. ಅವನು ತಲೆ ಸವರಿಕೊಳ್ಳುತ್ತಿದ್ದ ಹಾಗೇ ಇನ್ನೊಂದು ಮೊಟಕಿದಳು.

"ಇದು ಯಾಕಜ್ಜಿ?"

"ಒಂದು ಕಳೆದುಹೋದ್ರೆ ಇನ್ನೊಂದು ಇರಲಿ ಅಂತ ಕಣಪ್ಪ."

ಆಮೇಲೆ ಮೊಟಕಿದ ಕಡೆ ಊದಿ ಎದ್ದ ಎರಡು ಬುಗುಟನ್ನೂ ಬೆರಳಿಂದ ಮುಟ್ಟಿ ತಾಳೆ ನೋಡಿದಳು. ಸರಿಯಾಗಿತ್ತು.

ನೀತಿ ಏನಪ್ಪಾ ಅಂದರೆ, ತಲೆ ಒಂದೇ ಇದ್ದರೂ ಬುಗುಟು ಎರಡಿರಬೇಕು. ಕತೆ ಆಯ್ತಾ ಅಂತ ಯಾರಾದರೂ ಕೇಳಿದಿರೋ, ಹುಷಾರ್, ಹಿಂದಕ್ಕೆ ಹೋಗಿ ಆ ಬಾಳೆಕಂಬದ ಮದುವೆಯಲ್ಲಿ ಕೂರಿಸಿ ಬರುತ್ತೇನೆ.