ಹಲಗೆ ಕೆಳಗಿನ ಲೈಫ್ ಜಾಕೆಟ್

ಹಿನ್ನೀರಿನ ದಂಡೆಯಲ್ಲಿ, ಕೊಳವೆ ಇಲ್ಲವೇ ಡ್ರಮ್ಮುಗಳ ಮೇಲೆ ತೇಲುವ ಪಾಂಟೂನ್ ಬೋಟ್‌ಗಳ ಮಾಲೀಕರ ಸಭೆ. ಒಬ್ಬೊಬ್ಬರೂ ಎದ್ದು ತಮ್ಮ ಬೋಟು, ಅದರ ಸಾಮಾನು ಎಂಥದ್ದೆಂದು ಹೇಳಬೇಕು. ಸಂಘದ ಅಧ್ಯಕ್ಷ ದಾನಪ್ಪನವರು ತಾವೇ ಮೊದಲು ಎದ್ದರು.

"ನನ್ನ ಬೋಟು ಅಲ್ಯೂಮಿನಿಯಂ ಕೊಳವಿ ಮ್ಯಾಲೆ ತೇಲ್ತೈತಿ. ಜಪಾನ್ ಎಂಜಿನ್, ಮೆತ್ತನ ಸೋಫಾ, ಹಾಡು ಹಚ್ಚಾಕ ಸ್ಪೀಕರು, ತಲೆಗೊಂದು ಲೈಫ್ ಜಾಕೆಟ್!"

ಕೊನೆಗೆ ಎದ್ದವಳು ಆಚೆ ದಂಡೆಗೆ ಜನರನ್ನು ದಾಟಿಸುವ ಹೆಂಗಸು. "ನಂದು ನಾಕು ನೀಲಿ ಪ್ಲಾಸ್ಟಿಕ್ ಡ್ರಮ್ಮು, ಮ್ಯಾಲೆ ಹಲಗಿ, ಕೈಯಾಗೊಂದು ಹುಟ್ಟು. ಅಷ್ಟ ರೀ."

"ಲೈಫ್ ಜಾಕೆಟ್?" ದಾನಪ್ಪನವರು ಕೇಳಿದರು.

"ಐತ್ರೀ. ಹಲಗಿ ಕೆಳಗ ಕಟ್ಟೀನಿ."

"ಸುಳ್ಳು! ಈಗಿಂದೀಗ ತೋರಿಸು. ಇಲ್ಲಂದ್ರ ನಾಳಿಂದ ನಿನ್ನ ದೋಣಿ ಈ ದಂಡಿಗೆ ಬರಂಗಿಲ್ಲ."

"ನೀರಾಗ ಬೇಕಾಗೋ ಸಾಮಾನು, ನೀರಾಗ ನೋಡ್ರಿ," ಅಂದಳು.

ದಾನಪ್ಪನವರು ಗತ್ತಿನಿಂದ ಅವಳ ದೋಣಿ ಹತ್ತಿ ಕೂತರು. ನಡುನೀರಿಗೆ ಬಂದಿದ್ದೇ ತಡ, ಅವಳು ಬಗ್ಗಿ ಹಗ್ಗ ಬಿಚ್ಚಿ, ಹಲಗೆ ಕೆಳಗಿನ ಒಂದು ಡ್ರಮ್ಮನ್ನು ಎಳೆದು ಅವರ ತೊಡೆ ಮೇಲಿಟ್ಟಳು. ದೋಣಿ ಒಂದು ಕಡೆ ವಾಲಿತು. ದಾನಪ್ಪನವರು ಡ್ರಮ್ಮನ್ನು ತಬ್ಬಿ ಹಿಡಿದರು.

"ಇದು ನಿಮ್ದು. ಈಗ ನಂದೂ ತೋರಿಸ್ತೀನಿ," ಎಂದು ಇನ್ನೊಂದು ಹಗ್ಗಕ್ಕೆ ಕೈ ಹಾಕಿದಳು.

"ಬ್ಯಾಡ! ಐತಿ, ಐತಿ! ನಂಬೀನಿ! ನಮ್ಮವ್ವಾ, ಅದನ್ನ ಮುಟ್ಟಬ್ಯಾಡ!"

ದಂಡೆಗೆ ಬಂದಾಗ ಅಧ್ಯಕ್ಷರು ಡ್ರಮ್ಮನ್ನು ತಬ್ಬಿಕೊಂಡೇ ಇಳಿದರು. "ಈಕಿ ಸಾಮಾನೆಲ್ಲಾ ಸರಿ ಐತಿ," ಎಂದು ಸಭೆಗೆ ಹೇಳಿ, ತಬ್ಬಿಕೊಂಡೇ ಮನೆ ಕಡೆ ನಡೆದರು.

ಅವಳು ಹಿಂದಿನಿಂದ ಕೂಗಿದಳು: "ಸಾವ್ಕಾರ್ರೇ, ನನ್ನ ದೋಣಿ ಇಟ್ಟು ಹೋಗ್ರಿ!"