ಸಿಟ್ಟವ್ವನ ಕಲ್ಲು

ಮಸಾರಿಹಾಳದ ಪಡುವಣ ದಿಬ್ಬದ ಮೇಲೆ, ಒರತೆಯ ಪಕ್ಕದಲ್ಲಿ, ಮೊಣಕಾಲೆತ್ತರದ ಒಂದು ಕರಿಗಲ್ಲಿದೆ. ಅದಕ್ಕೆ ಗುಡಿಯಿಲ್ಲ, ಕುಂಕುಮವಿಲ್ಲ. ನೆತ್ತಿಯ ಮೇಲೆ ಒಂದನ್ನೊಂದು ಹಾಯ್ದ ಎರಡು ನೇರ ಗೀರುಗಳಿವೆ, ಅಷ್ಟೆ. ಊರವರು ಇದನ್ನು ಸಿಟ್ಟವ್ವನ ಕಲ್ಲು ಎನ್ನುತ್ತಾರೆ. ಯಾವುದೋ ದೇವಿಯ ಕೋಪ ಇಲ್ಲಿ ತಣ್ಣಗಾಯಿತೆಂದು ಕಥೆ ಕಟ್ಟುವವರೂ ಇದ್ದಾರೆ. ಅದು ಸುಳ್ಳು. ಆ ಸಿಟ್ಟು ಒಬ್ಬ ಹೆಂಗಸಿನದು, ಮತ್ತು ಅದು ತಣ್ಣಗಾಗಲೇ ಇಲ್ಲ.

ಹಿಂದೆ ಒಮ್ಮೆ ಈ ದಿಬ್ಬದ ಸುತ್ತ ತಟ್ಟೆಯಂತೆ ದುಂಡಗೆ ಹರಡಿದ್ದ ಹೊಲ ಅಣ್ಣತಮ್ಮಂದಿರಿಬ್ಬರದಾಗಿತ್ತಂತೆ. ತಮ್ಮ ತೀರಿಕೊಂಡ ಮೇಲೆ ಅವನ ಹೆಂಡತಿ ತಿರಕವ್ವ ತನಗೆ ಬರಬೇಕಾದ ಅರ್ಧವನ್ನು ಕೇಳಿದಳು. ಅಣ್ಣ ಶಂಕನಗೌಡ ತನ್ನಿಬ್ಬರು ಗಂಡುಮಕ್ಕಳನ್ನೂ ಲೆಕ್ಕಕ್ಕೆ ಹಿಡಿದು, ಪಾಲು ಎರಡಲ್ಲ, ನಾಲ್ಕು ಎಂದ. ಹಿರಿಯರೆನಿಸಿಕೊಂಡವರು ಎಲೆ ಅಡಿಕೆ ಮೆಲ್ಲುತ್ತ ತಲೆಯಾಡಿಸಿದರು. ನೆನೆದರೆ ಇಂದಿಗೂ ಹೊಟ್ಟೆ ಉರಿಯುತ್ತದೆ. ಎಲ್ಲ ಪಾಲಿಗೂ ಒರತೆಯ ನೀರು ಸಿಗಬೇಕಾದ್ದರಿಂದ, ಕಲ್ಲಿನ ಮೇಲೆ ಎರಡು ಹಗ್ಗ ಹಾಯಿಸಿ ಹೊಲವನ್ನು ನಾಲ್ಕು ಮೂಲೆ ಮಾಡುವುದೆಂದಾಯಿತು. ಗೌಡನ ಮೂಲೆಗೆ ಎದುರು ತಿರಕವ್ವನದು, ನಡುವೆ ಆಚೆಗೊಂದು ಈಚೆಗೊಂದು ಗೌಡನ ಮಕ್ಕಳವು. ಮೊದಲ ಹಗ್ಗಕ್ಕೆ ಹಿರಿಯರೇ ಗೂಟ ಹೊಡೆದರು. ಎರಡನೆಯದರ ಒಂದು ತುದಿ ಗೌಡನ ಕೈಗೆ, ಇನ್ನೊಂದು ತಿರಕವ್ವನ ಕೈಗೆ ಬಂತು. ಗೌಡ ನಿಂತಲ್ಲೇ ಗೂಟ, ಹಗ್ಗ ಕಲ್ಲಿನ ಮೇಲೆ ಬಾಗಕೂಡದು ಎಂದು ಎಲ್ಲರೂ ಒರತೆಯ ನೀರು ಮುಟ್ಟಿ ಆಣೆ ಮಾಡಿದರು.

ತನ್ನ ಮೂಲೆ ಹಿಗ್ಗಿದಷ್ಟೂ ಎದುರಿನದು ಕುಗ್ಗುತ್ತದೆ ಎಂದು ಗೌಡ ಎಣಿಸಿದ್ದ. ತುದಿ ಹಿಡಿದು ಹೊಲದಂಚಿನಲ್ಲಿ ನಡೆದೇ ನಡೆದ. ದಿಬ್ಬದ ಆಚೆಗಿನ ತುದಿ ಅವನಿಗೆ ಕಾಣುತ್ತಿರಲಿಲ್ಲ. ಅಲ್ಲಿ ಹಗ್ಗ ಎಳೆದತ್ತ ತಿರಕವ್ವನೂ ನಡೆಯಬೇಕಾಯಿತು. ಭಾವನ ಎದುರು ಎಂದೂ ತಲೆಯೆತ್ತದವಳಿಗೆ ಅಂದು ಮೈಯೆಲ್ಲ ಬೆಂಕಿ. ಇದ್ದ ಕಾಲು ಪಾಲಿನಿಂದಲೂ ನನ್ನನ್ನು ಹೊರಗೆಳೆಯುತ್ತಿದ್ದಾನೆ ಎಂದು ಹಲ್ಲು ಕಚ್ಚಿ ನಡೆದಳು. ಗೌಡ ಸಾಕೆಂದು ಗೂಟ ಹೊಡೆಸಿದ. ಅವಳ ತುದಿಗೂ ಗೂಟ ಬಿತ್ತು. ಆಗ ಅವಳು ಹಿಂತಿರುಗಿ ನೋಡಿದಳು. ತಾನು ನಡೆದು ಬಂದ ನೆಲವೆಲ್ಲ ಹಗ್ಗದ ತನ್ನ ಬದಿಗೇ ಬಿದ್ದಿತ್ತು.

ಗೌಡ ದಿಬ್ಬ ಹತ್ತಿ ನೋಡಿದ. ಅವನ ಮೂಲೆ ಎಷ್ಟು ಬಾಯ್ತೆರೆದಿತ್ತೋ ತಿರಕವ್ವನದೂ ಅಷ್ಟೇ ತೆರೆದಿತ್ತು. ನಡುವಿನ ಮಕ್ಕಳ ಪಾಲು ಎರಡು ಕಡೆಯೂ ಎತ್ತು ತಿರುಗಲಾರದ ಪಟ್ಟಿಗಳಾಗಿದ್ದವು. ಮಕ್ಕಳು ಅಪ್ಪನನ್ನು ನುಂಗುವಂತೆ ನೋಡಿದರು.

"ಕಲ್ಲಿನ ಮ್ಯಾಲ ಹಗ್ಗ ಬಾಗಸ್ರಿ" ಎಂದ ಗೌಡ.

ತಿರಕವ್ವ ಹಗ್ಗಗಳು ಹಾಯ್ದಲ್ಲೇ ಕಾಲಿಟ್ಟಳು. "ಬಾಗಸ್ರಿ ನೋಡೋಣು, ಭಾವಾ. ಮೊದಲ ನನ್ನ ಕಾಲು ಕಡೀರಿ."

ಆಣೆಗೆ ಹೆದರಿ ಯಾರೂ ಹಗ್ಗ ಮುಟ್ಟಲಿಲ್ಲ. ಹಿರಿಯನೊಬ್ಬ ಮೆಲ್ಲಗೆ, "ಇನ್ನರ ಸಿಟ್ಟು ಬಿಡವ್ವ. ದೇವರು ಕಣ್ಣು ತೆರೆದು ಹತ್ತಿರತ್ತಿರ ಅರ್ಧ ಕೊಟ್ಟಾನಲ್ಲ" ಎಂದ.

"ಕೊಡೂದೇನು, ಅದು ನಂದ ಇತ್ತು. ಭಾವ ಆಸೆ ಬೀಳದಿದ್ರ ನೀವೆಲ್ಲ ಕಾಲು ಪಾಲು ಕೊಟ್ಟು, ನ್ಯಾಯ ಮಾಡೇವಿ ಅಂತ ಉಂಡು ಮಲಗತಿದ್ರಿ. ಸಿಟ್ಟು ಹೆಂಗ ಬಿಡ್ಲಿ?"

ಸಾಯುವವರೆಗೂ ಅವಳು ಆ ಹಿರಿಯರೊಡನೆ ಮಾತಾಡಲಿಲ್ಲವಂತೆ. ಹಗ್ಗಗಳ ಗುರುತನ್ನು ತಾನೇ ನಿಂತು ಕಲ್ಲಿನಲ್ಲಿ ಕೊರೆಸಿದಳು. ಅಂದಿನಿಂದ ಅವಳು ಸಿಟ್ಟವ್ವ.

ಹೋದವರು ಈಗಲೂ ನೋಡಬಹುದು. ನೆತ್ತಿಯ ಮೇಲೆ ಅಗಲದ ಮೂಲೆಗೆ ಅಗಲದ್ದು ಎದುರು, ಇಕ್ಕಟ್ಟಿನದಕ್ಕೆ ಇಕ್ಕಟ್ಟಿನದು. ಮುತ್ತುಗದ ಎಲೆಯನ್ನು ಒಂದು ಮೂಲೆಗೆ ಸರಿಯಾಗಿ ಮಡಚಿ ಎದುರಿನದರ ಮೇಲಿಟ್ಟರೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗದೆ ಕೂರುತ್ತದೆ. ಪಾಲು ಸಿಗದ ಹೆಣ್ಣುಮಕ್ಕಳು ಇಂದಿಗೂ ಇಲ್ಲಿಗೆ ಬರುತ್ತಾರೆ. ಯಾರೂ ಕೈ ಮುಗಿಯುವುದಿಲ್ಲ. ಗೀರುಗಳು ಹಾಯ್ದಲ್ಲಿ ಕಾಲಿಟ್ಟು, ತಮ್ಮದು ಎಷ್ಟು ಎಂಬುದನ್ನು ಗಟ್ಟಿಯಾಗಿ ಹೇಳಿ ಇಳಿದು ಹೋಗುತ್ತಾರೆ.